ಓದಿನ ಹಂಗು

ಕನಕಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ಈಚೆಗೆ ನಮ್ಮನ್ನು ಅತಿಥಿಯಾಗಿ ಕರೆದಿದ್ದರು. ಕತೆ ಬರೆಯುವವರನ್ನು ಇಂಥ ಸಮಾರಂಭಗಳಿಗೆ ಕರೆಯುವುದು ಬೇರೆ ಯಾರೂ ಸಿಗದಿದ್ದಾಗ ಎಂಬುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ‘ಓದು, ಆಟ ಮತ್ತು ಬದುಕಿನಲ್ಲಿ ಸಾಧನೆ’ ಎಂಬ ವಿಷಯ ಕೊಟ್ಟಿದ್ದರು. ನಾವೂ ಎಲ್ಲರಂತೆ ಮಾತಾಡಿದೆವು. ಗುರಿ ಇರಬೇಕು, ಛಲ ಇರಬೇಕು, ಕಷ್ಟಪಟ್ಟರೆ ಯಾರು ಬೇಕಾದರೂ ಮೊದಲಿಗರಾಗಬಹುದು ಎಂದೆವು. ಮಕ್ಕಳು ಚಪ್ಪಾಳೆ ತಟ್ಟಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು.

ಬಹುಮಾನ ಕೊಟ್ಟು ಮುಗಿದು, ಮೈದಾನದ ಅಂಚಿನಲ್ಲಿ ಉಪ್ಪಿಟ್ಟು ತಿನ್ನುತ್ತ ನಿಂತಿದ್ದಾಗ ಒಬ್ಬ ಹುಡುಗ ಹತ್ತಿರ ಬಂದ. ಕೈಯೆಲ್ಲ ಸುಣ್ಣ. ಓಟದ ಪಂದ್ಯಗಳ ನಡುವೆ ಅಳಿಸಿಹೋದ ಗೆರೆಗಳಿಗೆ ಮತ್ತೆ ಮತ್ತೆ ಸುಣ್ಣ ಹಾಕುತ್ತಿದ್ದವನು ಅವನೇ. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದಿತ್ತಂತೆ. ಆ ಹೊತ್ತಿನಲ್ಲಿ ಹುಳುವಿನ ಹಸಿವು ಎಂಥದೆಂದು ಸಾಕಿದವರಿಗೆ ಗೊತ್ತು. ಸೊಪ್ಪು ಕೊಯ್ದು ಹಾಕಿ ಬರುವಷ್ಟರಲ್ಲಿ ಅವನು ಓಡಬೇಕಿದ್ದ ಪಂದ್ಯ ಮುಗಿದುಹೋಗಿತ್ತು. ‘ಸಾರ್, ಕಷ್ಟಪಟ್ರೆ ಎಲ್ಲರೂ ಫಸ್ಟ್ ಬರಬಹುದು ಅಂದ್ರಲ್ಲ, ಎಲ್ಲರೂ ಫಸ್ಟ್ ಬಂದ್ರೆ ಸೆಕೆಂಡ್ ಬರೋರು ಯಾರು?’ ಎಂದು ಕೇಳಿದ. ಅದರಲ್ಲಿ ಕುಹಕವಿರಲಿಲ್ಲ, ಲೆಕ್ಕ ತಾಳೆಯಾಗದವನ ಗೊಂದಲವಿತ್ತು. ಮೇಷ್ಟ್ರು ‘ಹೋಗೋ, ಸಾಹೇಬ್ರ ತಲೆ ತಿನ್ಬೇಡ’ ಎಂದು ಗದರಿಸಿ ಕಳಿಸಿದರು. ನಮಗೆ ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ. ರಾಮನಗರದ ಬಸ್ಸು ಹತ್ತಿ ಕೂತ ಮೇಲೂ ಆ ಹುಡುಗನ ಕೈ ಕಣ್ಣ ಮುಂದೆ ಇತ್ತು. ಅಂಥದೇ ಇನ್ನೊಂದು ಜೊತೆ ಕೈಗಳ ಪರಿಚಯ ನಮಗೆ ಮೊದಲಿನಿಂದ ಇದ್ದುದರಿಂದ ಹೀಗಾಗಿರಬೇಕು.

ಇಲ್ಲಿ ‘ನಾವು’ ಎಂದು ಬರೆಯುತ್ತಿರುವುದು ದೊಡ್ಡಸ್ತಿಕೆಗಾಗಿ ಎಂದು ಓದುಗರು ಭಾವಿಸಬಾರದು. ಓದಿದ್ದು, ಬರೆದದ್ದು, ನಾಲ್ಕು ಜನರ ಮುಂದೆ ಮೈಕು ಹಿಡಿದದ್ದು ಒಬ್ಬರೇ ಇರಬಹುದು. ಆದರೆ ಅದಕ್ಕೆ ತಗುಲಿದ ಖರ್ಚನ್ನು ಬೇರೆಯವರು ತೆತ್ತಿದ್ದಾರೆ. ‘ನಾನು ಓದಿದೆ’ ಎಂದು ಬರೆಯಹೊರಟರೆ ನಮ್ಮ ಮಟ್ಟಿಗೆ ಅದು ಸುಳ್ಳು ಲೆಕ್ಕವಾಗುತ್ತದೆ.

ನಮ್ಮದು ರಾಮನಗರದ ಒಂದು ಬಿಚ್ಚಾಣಿಕೆ ಬೀದಿ. ಈ ಊರನ್ನು ಹೊರಗಿನವರು 1975ರ ‘ಶೋಲೆ’ ಸಿನಿಮಾದ ಬಂಡೆಗಳಿಂದ ಗುರುತಿಸುತ್ತಾರೆ. ಇಲ್ಲಿಯವರಿಗೆ ಊರು ಎಂದರೆ ರೇಷ್ಮೆ ಗೂಡಿನ ಮಾರುಕಟ್ಟೆ, ಬೆಂದ ಹುಳುವಿನ ವಾಸನೆ, ಬೆಳಗಿನ ಜಾವಕ್ಕೇ ಹೊತ್ತುವ ಒಲೆಗಳು. 2007ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಸೇರಿಸಿಕೊಂಡು ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಸರ್ಕಾರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹೆಸರು ಏನೇ ಆಗಲಿ, ಒಲೆಯ ಮುಂದೆ ಕೂತವರಲ್ಲಿ ನಮ್ಮ ಜನ ಹೆಚ್ಚು. ಗೂಡು ಬೆಳೆಯುವವರು ಒಕ್ಕಲಿಗರು ಮತ್ತಿತರ ರೈತರು, ನೂಲು ಬಿಚ್ಚುವವರು ಹೆಚ್ಚಾಗಿ ಮುಸಲ್ಮಾನರು. ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯದ ಊರು ಇದು. ಕೆಟ್ಟ ದಿನಗಳಲ್ಲೂ ಈ ಊರು ಪೂರ್ತಿ ಕೆಡದೆ ಉಳಿದದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ನಮ್ಮ ದೊಡ್ಡ ಭಾಯಿ ಐದನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟದ್ದು ಎಂಬತ್ತರ ದಶಕದ ನಡುವಿನಲ್ಲಿ. ಅಬ್ಬಾ ಒಬ್ಬ ಮಾಲೀಕನಿಂದ ಮುಂಗಡ ಪಡೆದಿದ್ದರು. ಅದನ್ನು ತೀರಿಸಲು ಮನೆಯಿಂದ ಇನ್ನೊಂದು ಜೊತೆ ಕೈ ಹೋಗಬೇಕಾಯಿತು. ಲೆಕ್ಕದಲ್ಲಿ ಇಡೀ ತರಗತಿಗೆ ಮೊದಲಿಗನಾಗಿದ್ದ ಹುಡುಗ ಚರಕ ತಿರುಗಿಸಲು ಕೂತ, ಆಮೇಲೆ ಬಿಸಿನೀರಿಗೆ ಕೈ ಹಾಕಲು ಕಲಿತ. ಗೂಡನ್ನು ಬೇಯಿಸಿ, ಮೇಲಿನ ಸಿಕ್ಕನ್ನು ತೆಗೆದು, ಒಳಗಿನ ನಿಜವಾದ ತುದಿಯನ್ನು ಬೆರಳಲ್ಲಿ ಹುಡುಕಬೇಕು. ಅಂಥ ಹಲವು ಗೂಡುಗಳ ಎಳೆಗಳನ್ನು ಒಟ್ಟು ಸೇರಿಸಿದಾಗ ಒಂದು ನೂಲಾಗುತ್ತದೆ. ನಡುವೆ ಒಂದು ಗೂಡು ಮುಗಿದರೆ ಅಥವಾ ಎಳೆ ಕಡಿದರೆ ಆ ಕ್ಷಣವೇ ಇನ್ನೊಂದರ ತುದಿಯನ್ನು ಹತ್ತಿಸಬೇಕು. ಕಣ್ಣು ತಪ್ಪಿತೆಂದರೆ ಅಷ್ಟು ಉದ್ದ ನೂಲು ತೆಳುವಾಗಿ ಓಡುತ್ತದೆ. ಅದು ಅಲ್ಲಿ ಯಾರಿಗೂ ಕಾಣುವುದಿಲ್ಲ. ತಿಂಗಳುಗಳ ಮೇಲೆ ಎಲ್ಲೋ ಒಂದು ಮಗ್ಗದಲ್ಲಿ ನೂಲು ಕಡಿಯುತ್ತದೆ, ನೇಕಾರ ಯಾರನ್ನೋ ಶಪಿಸುತ್ತಾನೆ.

ಭಾಯಿಗೆ ಚೆಂಡೆಸೆಯುವ ಹುಚ್ಚು. ಶುಕ್ರವಾರದ ನಮಾಜು ಮುಗಿಸಿ, ಈದ್ಗಾದ ಹಿಂದಿನ ಬಯಲಿನಲ್ಲಿ ಟೆನಿಸ್ ಚೆಂಡಿನಲ್ಲಿ ಎಸೆಯುತ್ತಿದ್ದ ವೇಗಕ್ಕೆ ದೊಡ್ಡ ಹುಡುಗರೂ ಹಿಂದೆ ಸರಿಯುತ್ತಿದ್ದರು. ಒಮ್ಮೆ ಯಾರೋ ಬೆಂಗಳೂರಿನಿಂದ ನಿಜವಾದ ಚರ್ಮದ ಚೆಂಡು ತಂದರು. ಅದನ್ನು ಹಿಡಿಯಲು ಭಾಯಿಗೆ ಆಗಲಿಲ್ಲ. ದಿನವಿಡೀ ಬಿಸಿನೀರಿನಲ್ಲಿದ್ದ ಬೆರಳ ತುದಿಯ ಚರ್ಮ ಬಿಳಿಚಿ, ಸುಲಿದು, ಹಸಿಯಾಗಿತ್ತು. ಚೆಂಡಿನ ಹೊಲಿಗೆ ತಾಗಿದರೆ ಉರಿ. ನಾಲ್ಕೈದು ಚೆಂಡು ಎಸೆದು, ಬೆರಳನ್ನು ಬಾಯಲ್ಲಿಟ್ಟುಕೊಂಡು ಬಂದು ಮೋರಿಯ ಕಟ್ಟೆಯ ಮೇಲೆ ಕೂತ. ‘ನನಗೆ ಟೆನಿಸ್ ಚೆಂಡೇ ಸರಿ’ ಎಂದ. ಆ ಮೇಲೆ ಅದರ ಮಾತು ಎತ್ತಲಿಲ್ಲ.

ನಾವು ಐದು ವರ್ಷ ಚಿಕ್ಕವರು. ಮುಂಗಡ ತೀರುತ್ತ ಬಂದ ಕಾಲಕ್ಕೆ ನಮ್ಮ ಸರದಿ ಬಂತು. ಆದ್ದರಿಂದ ನಮ್ಮನ್ನು ಉರ್ದು ಶಾಲೆಗೂ, ಅಲ್ಲಿಂದ ಕನ್ನಡ ಮಾಧ್ಯಮದ ಹೈಸ್ಕೂಲಿಗೂ ಕಳಿಸಲಾಯಿತು. ಒಂದು ಲಿಪಿ ಬಲದಿಂದ ಹೊರಡುತ್ತದೆ, ಇನ್ನೊಂದು ಎಡದಿಂದ. ಮೊದಲ ವರ್ಷ ಕನ್ನಡ ನೋಟ್‌ಪುಸ್ತಕವನ್ನು ಹಿಂದಿನ ಪುಟದಿಂದ ಬರೆಯಲು ಶುರುಮಾಡಿ ಪೆಟ್ಟು ತಿಂದದ್ದಿದೆ. ಕನ್ನಡ ನಮಗೆ ನಿಜವಾಗಿ ಬಂದದ್ದು ತರಗತಿಯಲ್ಲಲ್ಲ. ಭಾಯಿಗೆ ಕ್ರಿಕೆಟ್ಟಿನ ಸುದ್ದಿ ಬೇಕು, ಅವನ ಕೈ ಸದಾ ಒದ್ದೆ, ಪತ್ರಿಕೆ ಹಿಡಿದರೆ ಹರಿದುಹೋಗುತ್ತದೆ. ಹಾಗಾಗಿ ಸಂಜೆ ಕ್ಷೌರದಂಗಡಿಯಿಂದ ಹಿಂದಿನ ದಿನದ ‘ಪ್ರಜಾವಾಣಿ’ ಬೇಡಿ ತಂದು, ಬೇಸಿನ್ನಿನ ಪಕ್ಕ ಕೂತು, ಯಂತ್ರದ ಸದ್ದನ್ನು ಮೀರಿಸಿ ಕ್ರೀಡಾಪುಟ ಓದುವುದು ನಮ್ಮ ಕೆಲಸವಾಯಿತು. ಉರ್ದು ಬೇಕೆಂದ ದಿನ ‘ಸಾಲಾರ್’. ಅವಸರದಲ್ಲಿ ಒಂದು ಸಾಲು ಹಾರಿಸಿದರೆ ಅವನಿಗೆ ತಿಳಿದುಬಿಡುತ್ತಿತ್ತು. ‘ಎಳೆ ಕಡೀತು, ಮತ್ತೆ ಹತ್ತಿಸು’ ಎನ್ನುತ್ತಿದ್ದ, ಕಣ್ಣನ್ನು ನೀರಿನಿಂದ ಎತ್ತದೆ. ನಮಗೆ ಓದು ಕಲಿಸಿದ ಮೇಷ್ಟ್ರುಗಳು ಹಲವರು. ಓದಿದ್ದನ್ನು ಇನ್ನೊಬ್ಬರಿಗೆ ತಲುಪುವಂತೆ ಓದಬೇಕೆಂದು ಕಲಿಸಿದವನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು.

ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಾಗಲೆಲ್ಲ ಅಮ್ಮೀ ಒಂದೇ ಮಾತು ಹೇಳುತ್ತಿದ್ದರು: ‘ಮರೀಬೇಡ, ನಿನ್ನ ಮೇಲೆ ಭಾಯಿಯ ಎಹ್ಸಾನ್ ಇದೆ.’ ಉರ್ದುವಿನಲ್ಲಿ ಎಹ್ಸಾನ್ ಎಂದರೆ ಉಪಕಾರ. ಮಾಡಿದವನ ಕಡೆಯಿಂದ ನೋಡಿದರೆ ಉಪಕಾರ, ಪಡೆದವನ ಕಡೆಯಿಂದ ನೋಡಿದರೆ ಋಣ. ಕನ್ನಡದಲ್ಲಿ ಇದಕ್ಕೆ ‘ಹಂಗು’ ಎಂಬ ಚುರುಕು ಶಬ್ದವಿದೆ. ಉಪಕಾರ ಮರೆತವನಿಗೆ ಎಹ್ಸಾನ್ ಫರಾಮೋಶ್ ಎಂಬ ಬೈಗುಳವೂ ಮನೆಯಲ್ಲಿ ಧಾರಾಳವಾಗಿ ಬಳಕೆಯಲ್ಲಿತ್ತು. ಹದಿಹರೆಯದಲ್ಲಿ ಈ ಶಬ್ದ ಕೇಳಿದರೆ ನಮಗೆ ಮೈ ಉರಿಯುತ್ತಿತ್ತು. ನಾವು ಕೇಳಿ ಪಡೆದ ಸಾಲವೇ ಇದು?

ಕಾಲೇಜಿನ ದಿನಗಳಲ್ಲಿ, ಧರ್ಮದ ಪುಸ್ತಕಗಳನ್ನು ಸ್ವಂತ ಕಣ್ಣಿನಿಂದ ಓದತೊಡಗಿದ ಮೇಲೆ, ಅದೇ ಶಬ್ದ ಅರಬಿಯಲ್ಲಿ ಬೇರೆ ಮುಖ ತೋರಿಸಿತು. ಅಲ್ಲಿ ಇಹ್ಸಾನ್ ಎಂದರೆ ಮಾಡುವುದನ್ನು ಚೆನ್ನಾಗಿ ಮಾಡುವುದು, ಅದರ ಸೊಗಸು ಕೆಡದಂತೆ ಮಾಡುವುದು. ಜಿಬ್ರೀಲರು ಪ್ರವಾದಿಯವರನ್ನು ಇಹ್ಸಾನ್ ಎಂದರೇನೆಂದು ಕೇಳಿದ ಪ್ರಸಂಗ ಅನೇಕ ಓದುಗರಿಗೆ ಗೊತ್ತಿರುತ್ತದೆ. ದೇವರನ್ನು ಕಣ್ಣಾರೆ ಕಾಣುತ್ತಿರುವಂತೆ ಆರಾಧಿಸುವುದು, ಅದಾಗದಿದ್ದರೆ ಅವನು ನಮ್ಮನ್ನು ಕಾಣುತ್ತಿದ್ದಾನೆಂದು ಅರಿತಿರುವುದು ಎಂಬುದು ಅಲ್ಲಿನ ಉತ್ತರದ ಸಾರ. ‘ಸಹೀಹ್ ಮುಸ್ಲಿಂ’ನಲ್ಲಿರುವ ಇನ್ನೊಂದು ಹದೀಸ್ ನಮಗೆ ಇನ್ನೂ ಹತ್ತಿರವಾದದ್ದು. ಪ್ರತಿಯೊಂದು ಕೆಲಸದಲ್ಲೂ ಇಹ್ಸಾನ್ ವಿಧಿಸಲಾಗಿದೆ ಎಂದು ಹೇಳಿ, ಅದು ಕೊಡುವ ನಿದರ್ಶನ ಮಸೀದಿಯದಲ್ಲ, ಕಸಾಯಿಯವನ ಕತ್ತಿಯದು. ಕತ್ತಿ ಹರಿತವಾಗಿರಬೇಕು, ಪ್ರಾಣಿಗೆ ಹಿಂಸೆಯಾಗಬಾರದು. ಅಂದರೆ ಚೆನ್ನಾಗಿ ಮಾಡಬೇಕಾದದ್ದು ನೋಡುವವರ ಮೆಚ್ಚುಗೆಗಾಗಿ ಅಲ್ಲ, ಆ ಕೆಲಸ ಯಾರ ಮೈ ಮುಟ್ಟುತ್ತದೋ ಅವರಿಗಾಗಿ.

ನಮ್ಮ ಕನ್ನಡದ ‘ಶ್ರೇಷ್ಠ’ ಎಂಬ ಮಾತು ಇಲ್ಲಿ ಕೈಕೊಡುತ್ತದೆ. ಶ್ರೇಷ್ಠ ಎಂದ ಕೂಡಲೆ ಕೆಳಗೆ ಒಬ್ಬ ಕನಿಷ್ಠ ಬೇಕು. ಈ ನಾಡಿನಲ್ಲಿ ಆ ಜೋಡಿ ಶಬ್ದ ಎಷ್ಟು ಜನರ ಬೆನ್ನಿನ ಮೇಲೆ ಕೂತಿತ್ತು, ಕೂತಿದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕನಕಪುರದ ಹುಡುಗ ಕೇಳಿದ್ದು ಇದನ್ನೇ. ಆದರೆ ಕಸುಬಿನವರ ಬಾಯಲ್ಲಿ ಬೇರೆ ಶಬ್ದಗಳಿವೆ. ‘ಹದ’ ಎನ್ನುತ್ತಾರೆ, ‘ಅಚ್ಚುಕಟ್ಟು’ ಎನ್ನುತ್ತಾರೆ. ನೀರಿಗೆ ಹದ ಬಂದರೆ ಪಕ್ಕದವನ ನೀರಿನ ಹದ ಕೆಡಬೇಕಾಗಿಲ್ಲ. ಹತ್ತು ಜನರ ಕೆಲಸವೂ ಅಚ್ಚುಕಟ್ಟಾಗಿರಬಹುದು.

ಚನ್ನಪಟ್ಟಣದಲ್ಲಿ ನಮ್ಮ ಖಾಲಾ ಮನೆಯ ಪಕ್ಕ ಬೊಂಬೆ ಕಡೆಯುವವರೊಬ್ಬರಿದ್ದರು. ಟಿಪ್ಪುವಿನ ಕಾಲದಿಂದ ಬಂದ ಕಸುಬು ಎಂದು ಆ ಊರು ಹೆಮ್ಮೆಪಡುತ್ತದೆ. ಬವಾಸ್ ಮಿಯಾ ಎಂಬ ಕುಶಲಿ ಜಪಾನಿಗೆ ಹೋಗಿ ಅರಗಿನ ಕೆಲಸ ಕಲಿತು ಬಂದ ಕತೆಯನ್ನೂ ಹೇಳುತ್ತಾರೆ. ಆಲೆ ಮರದ ತುಂಡು ಗಿರ್ರೆಂದು ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿದರೆ, ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಹಿಡಿದರೆ ಹೊಳಪು. ಆ ಚಾಚಾ ಮಕ್ಕಳ ಗಿಲಕಿಯ ಹಿಡಿಯನ್ನು ಕೂಡಿಸುವ ಮೊದಲು ಅದರ ತೂತಿನ ಒಳಗನ್ನು ಕಿರುಬೆರಳಿನಿಂದ ಸವರಿ ನೋಡುತ್ತಿದ್ದರು. ಒಮ್ಮೆ ಕೂಡಿಸಿದರೆ ಯಾರಿಗೂ ಕಾಣದ ಜಾಗ ಅದು. ‘ಯಾಕೆ ಚಾಚಾ?’ ಎಂದರೆ, ‘ಇದು ಮಗುವಿನ ಬಾಯಿಗೆ ಹೋಗುತ್ತೆ ಬೇಟಾ, ಎಂದಾದರೂ ಕಳಚಿಕೊಂಡರೆ?’ ಎನ್ನುತ್ತಿದ್ದರು. ಅಂಥ ಕೆಲಸಕ್ಕೆ ಅವರಿಗೆ ಹೆಚ್ಚಿಗೆ ಕಾಸೇನೂ ಸಿಗುತ್ತಿರಲಿಲ್ಲ. ಎಣಿಕೆಯ ಲೆಕ್ಕದ ಕೂಲಿ, ಒಳಗು ನೋಡುತ್ತ ಕೂತರೆ ಸಂಜೆಗೆ ನಾಲ್ಕು ಗಿಲಕಿ ಕಮ್ಮಿ.

ಆಟದ ಮಾತಿಗೆ ಬರೋಣ. 1999ರ ಫೆಬ್ರವರಿ 7, ಭಾನುವಾರ. ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಪಾಕಿಸ್ತಾನದ ವಿರುದ್ಧ ಟೆಸ್ಟ್. ಪಾಕಿಸ್ತಾನ ಗೆಲ್ಲಲು 420 ಬೇಕು, ವಿಕೆಟ್ ಕಳೆದುಕೊಳ್ಳದೆ 101 ಮಾಡಿತ್ತು. ನಾವು ಭಾಯಿಯ ಜೊತೆ ಒಂದು ಟೀ ಹೋಟೆಲಿನ ಟೀವಿಯ ಮುಂದಿದ್ದೆವು. ಪಾಕಿಸ್ತಾನದ ಪಂದ್ಯದ ದಿನ ಟೀ ಹೋಟೆಲಿನಲ್ಲಿ ಕೂರುವ ಮುಸಲ್ಮಾನನಿಗೆ ಎರಡು ಆಟ ನಡೆಯುತ್ತಿರುತ್ತವೆ. ಒಂದು ಟೀವಿಯಲ್ಲಿ, ಇನ್ನೊಂದು ಅವನ ಮುಖವನ್ನು ನೋಡುತ್ತಿರುವವರ ಕಣ್ಣಲ್ಲಿ. ‘ಏನ್ ಸಾಬ್ರೇ, ಖುಷಿನಾ?’ ಎಂದು ಯಾರೋ ಕೇಳಿದರು. ಭಾಯಿ ಉತ್ತರಿಸಲಿಲ್ಲ. ಊಟದ ವಿರಾಮದ ಮೇಲೆ ಅನಿಲ್ ಕುಂಬ್ಳೆ ಒಬ್ಬೊಬ್ಬರನ್ನೇ ಕಳಿಸತೊಡಗಿದರು. ಆರು, ಏಳು, ಎಂಟು, ಒಂಬತ್ತು. ಹೋಟೆಲಿನಲ್ಲಿ ಉಸಿರಿಲ್ಲ.

ಒಂಬತ್ತರ ಮೇಲೆ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಬಂದರು. ಅವರು ಮಾಡಿದ್ದೇನೆಂಬುದು ಎಲ್ಲರಿಗೂ ಗೊತ್ತು. ಹತ್ತನೆಯ ವಿಕೆಟ್ ತಮ್ಮ ಕೈಗೆ ಬೀಳದಿರಲೆಂದು ಚೆಂಡನ್ನು ಸ್ಟಂಪುಗಳಿಂದ ದೂರ ದೂರ ಎಸೆದರು. ಮುಂದಿನ ಓವರಿನಲ್ಲಿ ಕುಂಬ್ಳೆಯ ಚೆಂಡಿಗೆ ವಾಸಿಂ ಅಕ್ರಂ, ಲಕ್ಷ್ಮಣ್ ಕೈಗೆ ಕ್ಯಾಚಿತ್ತರು. 74ಕ್ಕೆ 10. 1956ರಲ್ಲಿ ಜಿಮ್ ಲೇಕರ್ ಮಾಡಿದ್ದನ್ನು ಬಿಟ್ಟರೆ ಟೆಸ್ಟಿನಲ್ಲಿ ಅಲ್ಲಿಯವರೆಗೆ ಯಾರೂ ಮಾಡಿರದ ಸಾಹಸ. (2021ರಲ್ಲಿ ಎಜಾಜ್ ಪಟೇಲ್ ಮೂರನೆಯವರಾದರು. ಹುಟ್ಟಿದ ಮುಂಬೈಯಲ್ಲಿಯೇ, ನ್ಯೂಜಿಲೆಂಡ್ ಪರವಾಗಿ, ಭಾರತದ ವಿರುದ್ಧ. ಆಟಕ್ಕೆ ಇಂಥ ತಮಾಷೆಗಳೆಂದರೆ ಇಷ್ಟ.) ಹೋಟೆಲಿನಲ್ಲಿ ಬೆಂಚುಗಳು ಉರುಳಿದವು. ಭಾಯಿಯ ಕಣ್ಣಲ್ಲಿ ನೀರು. ಆಗ ಖುಷಿಯಾ ಎಂದು ಯಾರೂ ಕೇಳಲಿಲ್ಲ.

ಮನೆಗೆ ಬರುತ್ತ ಭಾಯಿ ಮಾತಾಡಿದ್ದು ಕುಂಬ್ಳೆಯ ಬಗ್ಗೆ ಅಲ್ಲ, ಶ್ರೀನಾಥ್ ಬಗ್ಗೆ. ನಾವು ಕಾಲೇಜಿನ ಹುಮ್ಮಸ್ಸಿನಲ್ಲಿ ವಾದ ಹೂಡಿದೆವು. ಬೇಕೆಂದೇ ಕೆಟ್ಟದಾಗಿ ಎಸೆಯುವುದು ಆಟಕ್ಕೆ ಮಾಡಿದ ದ್ರೋಹವಲ್ಲವೇ? ಎದುರಾಳಿಗೆ ತನ್ನ ಅತ್ಯುತ್ತಮವನ್ನು ಕೊಡಬೇಕಾದವನು ಹಾಗೆ ಮಾಡಬಹುದೇ? ಭಾಯಿ ಸ್ವಲ್ಪ ದೂರ ಸುಮ್ಮನೆ ನಡೆದು, ‘ಕೆಟ್ಟದಾಗಿ ಎಸೆಯಲಿಲ್ಲ, ಜಾಗ ಬಿಟ್ಟ. ಅಷ್ಟು ದೂರಕ್ಕೆ, ಪ್ರತಿ ಸಲ, ಬ್ಯಾಟಿಗೆ ಸಿಗದ ಹಾಗೆ ಎಸೆಯೋದು ಸುಲಭ ಅಂದ್ಕೊಂಡಿದ್ದೀಯಾ?’ ಎಂದ.

ಆ ಮಾತು ನಮ್ಮನ್ನು ಬಹಳ ಕಾಲ ಕಾಡಿದೆ. 67 ಟೆಸ್ಟುಗಳಲ್ಲಿ 236 ವಿಕೆಟ್ ಪಡೆದ ಬೌಲರನೊಬ್ಬನ ಕೌಶಲ್ಯ ಆ ಒಂದು ಓವರಿನಲ್ಲಿ ವಿಕೆಟ್ ಪಡೆಯದಿರುವುದಕ್ಕೆ ಖರ್ಚಾಯಿತು. ಅಂಕಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಅಬ್ಬಾ ಹೇಳುತ್ತಿದ್ದ ಕಿರ್ಮಾನಿಯ ಕತೆಯೂ ಇದರ ಜೊತೆ ಸೇರಿಕೊಳ್ಳುತ್ತದೆ. 1983ರ ಜೂನ್ 18, ಟನ್‌ಬ್ರಿಜ್ ವೆಲ್ಸ್, ಜಿಂಬಾಬ್ವೆಯ ವಿರುದ್ಧ 17ಕ್ಕೆ 5 ವಿಕೆಟ್. ಕಪಿಲ್ ದೇವ್ ಅವರ ಅಜೇಯ 175 ಎಲ್ಲರ ನಾಲಿಗೆಯ ಮೇಲಿದೆ. 140ಕ್ಕೆ 8 ಆಗಿದ್ದಾಗ ಬಂದ ನಮ್ಮ ಸೈಯದ್ ಕಿರ್ಮಾನಿ ಕೊನೆಯವರೆಗೂ ನಿಂತು 24 ಮಾಡಿದರು. ಮುರಿಯದ ಆ ಜೊತೆಯಾಟ 126. ಆ ಪಂದ್ಯದ ಚಿತ್ರೀಕರಣವೇ ಇಲ್ಲ, ಕಪಿಲರ ಹೊಡೆತಗಳನ್ನೇ ಲೋಕ ಕಂಡಿಲ್ಲ. ಇನ್ನು ಎದುರು ತುದಿಯಲ್ಲಿ ತಡೆದು ನಿಂತವರ ತಾಳ್ಮೆಯನ್ನು ಯಾರು ಕಂಡಾರು?

ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಚೆಂದವಾಗಿರುತ್ತಿತ್ತು. ಕಾಣದ ಕೆಲಸದಲ್ಲಿದೆ ಇಹ್ಸಾನ್, ಜಾಗ ಬಿಡುವುದರಲ್ಲಿದೆ ದೊಡ್ಡತನ ಎಂದು ಮುಗಿಸಿ ಇನ್ನೊಂದು ಶಾಲು ಹೊದೆಯಬಹುದಿತ್ತು. ಆದರೆ ನಮಗೆ ಗೊತ್ತಿರುವ ಒಂದು ಸಂಗತಿ ಅದಕ್ಕೆ ಬಿಡುವುದಿಲ್ಲ. ಶ್ರೀನಾಥ್ ಜಾಗ ಬಿಟ್ಟದ್ದು ತಾವೇ ಮನಸ್ಸು ಮಾಡಿ. ಅವರಿಗೆ ಬಿಡಲು ಒಂದು ಜಾಗವಿತ್ತು. ನಮ್ಮ ಭಾಯಿಯನ್ನು ಯಾರೂ ಕೇಳಲಿಲ್ಲ. ಹತ್ತು ವರ್ಷದ ಮಗು ಶಾಲೆಯನ್ನು ತ್ಯಾಗ ಮಾಡುವುದಿಲ್ಲ, ಅದರಿಂದ ಶಾಲೆಯನ್ನು ಕಿತ್ತುಕೊಳ್ಳಲಾಗುತ್ತದೆ. ಕಿತ್ತುಕೊಂಡದ್ದನ್ನು ‘ಎಹ್ಸಾನ್’ ಎಂದು ಕರೆದು ನಾವು ಮನೆಯವರೆಲ್ಲ ಸೇರಿ ಅದಕ್ಕೆ ಗಂಧ ಪೂಸಿದೆವು. ಅಮ್ಮೀಗೆ ಬೇರೆ ದಾರಿ ಇರಲಿಲ್ಲ, ಆ ಶಬ್ದವಿಲ್ಲದಿದ್ದರೆ ಆ ತಾಯಿ ರಾತ್ರಿ ನಿದ್ದೆ ಮಾಡುವುದು ಹೇಗೆ? ಆದರೆ ಓದಿದ ನಾವೂ ಅದನ್ನೇ ನಂಬಿಕೊಂಡರೆ ಓದಿದ್ದು ಯಾತಕ್ಕೆ?

2003ರ ಜನವರಿಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ವರದಿ ಹೊರತಂದಿತು. ಕರ್ನಾಟಕದ ಮಕ್ಕಳೂ ಅದರಲ್ಲಿದ್ದರು. ಮುಂಗಡದ ಸಾಲ, ಕುದಿನೀರಿನಲ್ಲಿ ಬೆಂದ ಕೈ, ಎಲ್ಲ ಅಲ್ಲಿತ್ತು. ಅದನ್ನು ಓದಿದಾಗ ನಮ್ಮ ಮನೆಯ ಗೋಡೆಯನ್ನು ಯಾರೋ ಕೆಡವಿ ಒಳಗನ್ನು ತೋರಿಸಿದಂತಾಯಿತು. ಊರಿನಲ್ಲಿ ಕೆಲವರಿಗೆ ಸಿಟ್ಟೂ ಬಂತು, ಹೊರದೇಶದವರಿಗೆ ನಮ್ಮ ಮರ್ಯಾದೆ ತೆಗೆಯುವ ಕೆಲಸವೇಕೆ ಎಂದು. ಮರ್ಯಾದೆ ಹೋದದ್ದು ಬರೆದಾಗಲೋ, ಮಾಡಿದಾಗಲೋ ಎಂದು ನಾವು ಆಗ ಎದ್ದು ನಿಂತು ಕೇಳಲಿಲ್ಲ. ಮುಂಗಡ ಕೊಟ್ಟವರಲ್ಲಿ ನಮ್ಮವರೂ ಇದ್ದರು, ಅವರಲ್ಲಿ ಐದು ಹೊತ್ತಿನ ನಮಾಜಿನವರೂ ಇದ್ದರು. ಕತ್ತಿಯನ್ನು ಹರಿತ ಮಾಡಲು ಹೇಳಿದ ಧರ್ಮವನ್ನು ಓದಿಕೊಂಡವರು ಮಗುವಿನ ಬೆರಳಿನ ಚರ್ಮವನ್ನು ಹೇಗೆ ಮರೆತರು ಎಂಬುದಕ್ಕೆ ಬಡತನವೊಂದೇ ಉತ್ತರ ಎಂದರೆ ನಾವು ಒಪ್ಪುವುದಿಲ್ಲ.

ಭಾಯಿಗೆ ಒಮ್ಮೆ ಯಾರೋ ಬುದ್ಧಿ ಹೇಳಿದ್ದರು: ಚಂದ್ರಶೇಖರ್ ನೋಡು, ಬಾಲ್ಯದಲ್ಲಿ ಪೋಲಿಯೋ ಬಂದು ಸೊರಗಿದ ಬಲಗೈಯಲ್ಲೇ 242 ಟೆಸ್ಟ್ ವಿಕೆಟ್ ತೆಗೆದ, 1971ರಲ್ಲಿ ಓವಲ್‌ನಲ್ಲಿ 38ಕ್ಕೆ 6 ತೆಗೆದು ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲ್ಲಿಸಿಕೊಟ್ಟ ಎಂದು. ಭಾಯಿ ನಕ್ಕು, ‘ಅವರ ಕೈಗೆ ತಗುಲಿದ್ದು ರೋಗ ಸ್ವಾಮಿ, ನನ್ನ ಕೈಗೆ ತಗುಲಿದ್ದು ಸಾಲ’ ಎಂದನಂತೆ. ಕಷ್ಟವನ್ನು ಗೆದ್ದ ಒಬ್ಬರನ್ನು ತೋರಿಸಿ ಉಳಿದವರನ್ನು ಸುಮ್ಮನಾಗಿಸುವುದು ನಾವೆಲ್ಲ ಮಾಡುವ ತಪ್ಪು. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಕೇರಿಯಿಂದ ಹೊರಟ ಸಿದ್ಧಲಿಂಗಯ್ಯನವರು (1954-2021) ಕನ್ನಡದ ದೊಡ್ಡ ಕವಿಯಾದರು. ಆ ಬಾಲ್ಯದ ಹಸಿವು, ಅವಮಾನಗಳನ್ನು ‘ಊರುಕೇರಿ’ಯಲ್ಲಿ ನಗುನಗುತ್ತ ಬರೆದರು. ಶಿವಮೊಗ್ಗದಲ್ಲಿ ಎಂಟರ ವಯಸ್ಸಿಗೆ ಕನ್ನಡ ಶಾಲೆಗೆ ಸೇರಿದ ಬಾನು ಮುಷ್ತಾಕ್ ಅವರಿಗೆ ಆರು ತಿಂಗಳಲ್ಲಿ ಕನ್ನಡ ಓದು ಬರಹ ಬರಬೇಕೆಂದು ಷರತ್ತು ಹಾಕಿದ್ದರಂತೆ. ಅವರು ಕೆಲವೇ ದಿನಗಳಲ್ಲಿ ಕಲಿತರು. 2025ರ ಮೇ ತಿಂಗಳಲ್ಲಿ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದ ದಿನ ನಾವು ಬೀದಿಗೆಲ್ಲ ಮಿಠಾಯಿ ಹಂಚಿದೆವು. ಇವರಿಬ್ಬರೂ ನಮಗೆ ದೀಪಗಳು. ಆದರೆ ಸಿದ್ಧಲಿಂಗಯ್ಯನವರ ಜೊತೆಗೇ ಆ ಕೇರಿಯಲ್ಲಿ ಹುಟ್ಟಿದ, ಅಷ್ಟೇ ಚುರುಕಾಗಿದ್ದ ಉಳಿದ ಮಕ್ಕಳು ಏನಾದರು ಎಂದು ಕೇಳದೆ ಹೋದರೆ, ಅವರ ಕಾವ್ಯವನ್ನು ನಾವು ಸರಿಯಾಗಿ ಓದಿಲ್ಲ ಎಂದೇ ಅರ್ಥ.

ಕಾನೂನು ಬಂದಿದೆ. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾಗಿದೆ. 2016ರ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಶಾಲೆ ಮುಗಿದ ಮೇಲೆ ಕುಟುಂಬದ ಕಸುಬಿಗೆ ನೆರವಾಗಬಹುದು ಎಂಬ ಒಂದು ಕಿಂಡಿಯನ್ನೂ ಇಟ್ಟಿದೆ. ಆ ಕಿಂಡಿಯೊಳಗೆ ಹುಳು ಮನೆ, ಒಲೆ, ಕಡೆಯುವ ಯಂತ್ರ ಎಲ್ಲ ಸಲೀಸಾಗಿ ಹೋಗುತ್ತವೆ. ನಮ್ಮ ಬೀದಿಯಲ್ಲಿ ಈಗ ಚಿಕ್ಕ ಮಕ್ಕಳು ಒಲೆಯ ಮುಂದೆ ಕೂತದ್ದು ಕಾಣುವುದಿಲ್ಲ, ಊರಿಗೆ ಸ್ವಯಂಚಾಲಿತ ಯಂತ್ರಗಳೂ ಬಂದಿವೆ. ಇದು ಸಣ್ಣ ಮಾತಲ್ಲ. ಆದರೂ ಸುಣ್ಣದ ಕೈಯ ಆ ಹುಡುಗ ಪಂದ್ಯಕ್ಕೆ ತಡವಾಗಿ ಬಂದದ್ದು ಸೋಮಾರಿತನದಿಂದಲ್ಲ.

ಅವನ ಪ್ರಶ್ನೆಗೆ ಈಗಲಾದರೂ ಉತ್ತರ ಹೇಳಬೇಕೆಂದರೆ, ಮೊದಲು ‘ನಾವು ವೇದಿಕೆಯಲ್ಲಿ ಹೇಳಿದ್ದು ತಪ್ಪು’ ಎಂದು ಹೇಳಬೇಕು. ಎಲ್ಲರೂ ಮೊದಲಿಗರಾಗಲು ಸಾಧ್ಯವಿಲ್ಲ, ಹಾಗೆ ಆಗಬೇಕಾಗಿಯೂ ಇಲ್ಲ. ಅವನು ಎಳೆದ ಗೆರೆ ಕೊನೆಯವರೆಗೂ ನೇರವಾಗಿತ್ತು, ನಾವು ಅದನ್ನು ಗಮನಿಸಿದ್ದೆವು, ಆದರೆ ಮೈಕಿನಲ್ಲಿ ಹೇಳಲಿಲ್ಲ. ಅದೇ ಹೊತ್ತಿಗೆ, ಗೆರೆ ಎಳೆಯುವುದರಲ್ಲೇ ತೃಪ್ತಿಪಡು ಎಂದು ಅವನಿಗೆ ಹೇಳುವ ಹಕ್ಕು ಓಡಲು ಸಮಯವಿದ್ದವರಿಗೆ ಇಲ್ಲ. ಅವನು ಓಡಬೇಕು, ಸೋತರೂ ಓಡಿ ಸೋಲಬೇಕು. ಜಾಗ ಬಿಡುವುದು, ಬಿಡದಿರುವುದು ಆಮೇಲೆ ಅವನಿಗೆ ಸೇರಿದ ವಿಚಾರ. ಇಹ್ಸಾನಿನ ಎರಡು ಅರ್ಥಗಳೂ ಒಂದನ್ನೊಂದು ಬಿಟ್ಟಿರಲಾರವು ಎಂದು ನಮಗೆ ಈಗೀಗ ಅನ್ನಿಸುತ್ತಿದೆ. ಯಾರ ಹಂಗಿನಲ್ಲಿದ್ದೇವೆ ಎಂಬುದನ್ನು ಮರೆತವರ ಕೆಲಸ ಎಷ್ಟೇ ಹೊಳೆದರೂ ಎಲ್ಲೋ ಒಂದು ಎಳೆ ಕಡಿದಿರುತ್ತದೆ. ಹಂಗು ತೀರಿಸುವುದೆಂದರೆ ಹೊಗಳುವುದಲ್ಲ. ಭಾಯಿಗೆ ಬೇಕಾಗಿದ್ದುದು ಹೊಗಳಿಕೆಯಲ್ಲ, ಆರನೇ ಇಯತ್ತೆ.

ಭಾಯಿಗೆ ಈಗ ಐವತ್ತು ದಾಟಿದೆ. ಒಲೆ ಬಿಟ್ಟು ಬಹಳ ವರ್ಷವಾಯಿತು, ಗೂಡಿನ ವ್ಯಾಪಾರದಲ್ಲಿ ಸಣ್ಣ ದಲ್ಲಾಳಿ. ಬೆರಳ ತುದಿಗಳಲ್ಲಿ ಗೆರೆಗಳು ಸವೆದಿವೆ, ರೇಷನ್ ಅಂಗಡಿಯ ಯಂತ್ರ ಅವನ ಹೆಬ್ಬೆಟ್ಟನ್ನು ಮೂರು ನಾಲ್ಕು ಸಲ ನಿರಾಕರಿಸಿ ಆಮೇಲೆ ಒಪ್ಪುತ್ತದೆ. ಪತ್ರಿಕೆ ಹಿಡಿದರೆ ಈಗ ಹರಿಯುವುದಿಲ್ಲ, ಆದರೂ ನಮ್ಮ ಕತೆಗಳನ್ನು ಓದಿಸಿಯೇ ಕೇಳುತ್ತಾನೆ. ಈ ಬರಹವನ್ನೂ ಮೊನ್ನೆ ರಾತ್ರಿ ಅವನ ಮುಂದೆ ಓದಿದೆವು. ಅಬ್ಬಾ ಪಡೆದ ಮುಂಗಡದ ಭಾಗ ಬಂದಾಗ ಎದ್ದು ಹೋಗಿ ನೀರು ಕುಡಿದು ಬಂದ. ಅಲ್ಲಿಯವರೆಗೆ ನಾವು ಕಾದೆವು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದು ತಪ್ಪಿದೆ’ ಎಂದ. ನಮ್ಮ ಎದೆ ಧಸಕ್ಕೆಂದಿತು. ‘ಕುದಿನೀರು ಅಂತ ಬರೆದಿದ್ದೀಯಲ್ಲ, ಗೂಡು ಬೇಯಿಸೋದು ಕುದಿನೀರಲ್ಲಿ. ಬಿಚ್ಚೋ ನೀರು ಕುದಿಯಬಾರದು, ಕುದಿದರೆ ಎಳೆ ಕೂರಲ್ಲ. ಕೈ ತಡೆಯೋಷ್ಟು ಬಿಸಿ ಇರಬೇಕು.’

ನನ್ನ ಕೈ ಎಷ್ಟು ತಡೆಯುತ್ತಿತ್ತೋ ಅಷ್ಟು ಎಂದು ಸೇರಿಸಿ, ಕಂದೀಲಿನ ಗಾಜು ಒರೆಸಲು ಕೂತ. ಕರೆಂಟು ಹೋಗಿತ್ತು.